ಕೆನ್ ಬರ್ನ್ಸ್ ಎಫೆಕ್ಟ್

ಸ್ಥಿರಚಿತ್ರದ ಮೇಲೆ ಚೌಕಟ್ಟನ್ನು ನಿಧಾನವಾಗಿ ಸರಿಸುತ್ತ, ಹಿಗ್ಗಿಸುತ್ತ, ಕುಗ್ಗಿಸುತ್ತ ಅದಕ್ಕೆ ಚಲನೆ ತರುವ ವಿಡಿಯೊ ಸಂಕಲನ ತಂತ್ರ. ಚೌಕಟ್ಟು ಅಕ್ಕಪಕ್ಕಕ್ಕೋ ಮೇಲೆ ಕೆಳಗೋ ಸರಿದರೆ ಅದು ಪ್ಯಾನ್. ಚಿತ್ರ ಹತ್ತಿರ ಬಂದರೆ ಅಥವಾ ದೂರ ಸರಿದರೆ ಜೂಮ್. ಸಾಕ್ಷ್ಯಚಿತ್ರ, ಸುದ್ದಿ ವಾಹಿನಿ, ಮದುವೆಯ ವಿಡಿಯೊ, ಶ್ರದ್ಧಾಂಜಲಿಯ ಸ್ಲೈಡ್‌ಷೋ ಎಲ್ಲದರಲ್ಲೂ ಇದರ ಬಳಕೆಯಿದೆ. ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ (ಜನನ 1953) ಅವರಿಂದ ಈ ಹೆಸರು ಬಂದಿದೆ. ಚಿತ್ರದಲ್ಲಿ ಮೊದಲು ಏನನ್ನು, ಆಮೇಲೆ ಏನನ್ನು ನೋಡಬೇಕೆಂದು ಪ್ರೇಕ್ಷಕನ ಕಣ್ಣಿಗೆ ದಾರಿ ತೋರುವುದೇ ಇದರ ಮುಖ್ಯ ಕೆಲಸ. ಅಲಂಕಾರ ಆಮೇಲಿನ ಮಾತು.

ಇತಿಹಾಸ

ತಂತ್ರ ಬರ್ನ್ಸ್ ಅವರಿಗಿಂತ ಹಳೆಯದು. ಫೋಟೊವನ್ನು ಮೇಜಿನ ಮೇಲೆ ಹಾಸಿ, ಅದರ ನೇರಕ್ಕೆ ಮೇಲೆ ಕ್ಯಾಮೆರಾ ನಿಲ್ಲಿಸಿ, ಮೇಜನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಫ್ರೇಮ್ ತೆಗೆಯುತ್ತಿದ್ದರು. ಈ ಉಪಕರಣಕ್ಕೆ ರಾಸ್ಟ್ರಮ್ ಕ್ಯಾಮೆರಾ ಎಂದು ಹೆಸರು. ಫ್ರಾನ್ಸಿನ ಅಲೆನ್ ರೆನೆ 1948ರಲ್ಲಿ ವ್ಯಾನ್ ಗೋ ಕುರಿತ ಕಿರುಚಿತ್ರವನ್ನು ಆ ಕಲಾವಿದನ ವರ್ಣಚಿತ್ರಗಳ ಮೇಲೆ ಕ್ಯಾಮೆರಾ ಓಡಿಸಿಯೇ ರೂಪಿಸಿದರು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ನಿರ್ದೇಶಿಸಿದ ‘ಸಿಟಿ ಆಫ್ ಗೋಲ್ಡ್’ (1957) ಚಿನ್ನದ ಬೇಟೆಯ ಕಾಲದ ಡಾಸನ್ ನಗರವನ್ನು ಹಳೆಯ ಫೋಟೊಗಳಿಂದ ಕಟ್ಟಿಕೊಟ್ಟಿತು. ಬರ್ನ್ಸ್ ತಮ್ಮ ಮೇಲೆ ಈ ಚಿತ್ರದ ಪ್ರಭಾವವನ್ನು ಒಪ್ಪಿಕೊಂಡಿದ್ದಾರೆ.

1990ರಲ್ಲಿ ಪಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ಸರಣಿಯಿಂದ ತಂತ್ರ ಮನೆಮಾತಾಯಿತು. 1861–65ರ ಅಮೆರಿಕದ ಆ ಅಂತರ್ಯುದ್ಧದ ಕಾಲಕ್ಕೆ ಸಿನಿಮಾ ಹುಟ್ಟಿರಲಿಲ್ಲ. ಉಳಿದಿದ್ದವು ಫೋಟೊ, ಪತ್ರ, ದಿನಚರಿಗಳು. ಬರ್ನ್ಸ್ ಒಂದೇ ಫೋಟೊದೊಳಗೆ ದೂರದ ನೋಟ, ಗುಂಪು, ಒಬ್ಬ ಸೈನಿಕನ ಮುಖ ಎಂದು ಹಲವು ಶಾಟ್‌ಗಳನ್ನು ಕಂಡುಕೊಂಡರು. ಮೇಲೆ ಪತ್ರಗಳ ವಾಚನ ಮತ್ತು ಸಂಗೀತ ಸೇರಿತು. ಬರ್ನ್ಸ್ ಅವರ ಅನುಮತಿ ಪಡೆದು ಸ್ಟೀವ್ ಜಾಬ್ಸ್ ಇದೇ ಹೆಸರನ್ನು ಆಪಲ್ ತಂತ್ರಾಂಶಕ್ಕೆ ತಂದರು. 2003ರ ಐಮೂವಿ 3ರ ಮೂಲಕ ಅದು ಮನೆಯಲ್ಲೇ ವಿಡಿಯೊ ಮಾಡುವವರ ಕೈಗೆ ಸಿಕ್ಕಿತು.

ಕಾರ್ಯವಿಧಾನ

ಸಂಕಲನಕಾರ ಕೊಡಬೇಕಾದದ್ದು ಎರಡು ಚೌಕಟ್ಟುಗಳು: ಆರಂಭದ್ದು ಮತ್ತು ಕೊನೆಯದು. ನಡುವಿನದನ್ನು ತಂತ್ರಾಂಶ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 25 ಫ್ರೇಮ್‌ನಂತೆ 5 ಸೆಕೆಂಡ್ ನಿಲ್ಲುವ ಫೋಟೊಕ್ಕೆ 125 ಫ್ರೇಮ್ ಬೇಕು. ಐಮೂವಿ ಮತ್ತು ಫೈನಲ್ ಕಟ್ ಪ್ರೊದಲ್ಲಿ ‘ಕ್ರಾಪ್’ ಸಲಕರಣೆಯೊಳಗೆ ‘ಕೆನ್ ಬರ್ನ್ಸ್’ ಆಯ್ಕೆ ಇದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಅದೇ ಕೆಲಸಕ್ಕೆ ‘ಡೈನಾಮಿಕ್ ಜೂಮ್’. ಪ್ರೀಮಿಯರ್ ಪ್ರೊದಲ್ಲಿ ‘ಪೊಸಿಷನ್’ ಮತ್ತು ‘ಸ್ಕೇಲ್’ಗಳ ಆರಂಭದ ಮತ್ತು ಕೊನೆಯ ಮೌಲ್ಯಗಳನ್ನು ಗುರುತಿಸುವ ಕೀಫ್ರೇಮ್ ಹಾಕುತ್ತಾರೆ. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಿ ‘ಟ್ರಾನ್ಸ್‌ಫಾರ್ಮ್’ ಎಫೆಕ್ಟ್ ಬಳಸಬಹುದು.

ವೇಗದಲ್ಲಿ ಒಂದು ಸೂಕ್ಷ್ಮವಿದೆ. ಚಿತ್ರವನ್ನು 100ರಿಂದ 200 ಪ್ರತಿಶತಕ್ಕೆ ಸಮ ಹೆಜ್ಜೆಗಳಲ್ಲಿ ಹಿಗ್ಗಿಸಿದರೆ, 100ರಿಂದ 101ಕ್ಕೆ ಹೋಗುವಾಗಿನ ಏರಿಕೆ 1 ಪ್ರತಿಶತ, 199ರಿಂದ 200ಕ್ಕೆ ಸುಮಾರು ಅರ್ಧ ಪ್ರತಿಶತ. ಹಾಗಾಗಿ ಜೂಮ್ ಮೊದಲು ಚುರುಕಾಗಿ, ಕೊನೆಗೆ ಮಂದವಾಗಿ ಕಾಣುತ್ತದೆ. ಒಂದೇ ವೇಗ ಕಾಣಬೇಕಾದರೆ ಪ್ರತಿ ಫ್ರೇಮ್‌ನಲ್ಲೂ ಅದೇ ಅನುಪಾತದ ಏರಿಕೆ ಇರಬೇಕು. ‘ಈಸ್ ಇನ್’, ‘ಈಸ್ ಔಟ್’ ಆಯ್ಕೆಗಳು ಚಲನೆ ಮೆಲ್ಲಗೆ ಆರಂಭವಾಗಿ ಮೆಲ್ಲಗೆ ನಿಲ್ಲುವಂತೆ ಮಾಡುತ್ತವೆ.

ಅಳತೆ ಮತ್ತು ಸ್ಪಷ್ಟತೆ

ಎಷ್ಟು ಹತ್ತಿರ ಹೋಗಬಹುದೆಂಬುದನ್ನು ಪಿಕ್ಸೆಲ್‌ಗಳೇ ತೀರ್ಮಾನಿಸುತ್ತವೆ. 6000×4000 ಪಿಕ್ಸೆಲ್‌ಗಳ ಫೋಟೊವನ್ನು 16:9 ಪರದೆಗೆ ತುಂಬಿಸಿದರೆ 6000×3375 ಭಾಗ ಮಾತ್ರ ಕಾಣುತ್ತದೆ. 1920×1080 ವಿಡಿಯೊದಲ್ಲಿ ಅದನ್ನು ಸ್ಪಷ್ಟತೆ ಕೆಡದಂತೆ ಸುಮಾರು ಮೂರು ಪಟ್ಟು ಹಿಗ್ಗಿಸಬಹುದು. 3840×2160ರ 4ಕೆ ವಿಡಿಯೊದಲ್ಲಿ ಒಂದೂವರೆ ಪಟ್ಟು ಮಾತ್ರ. 6×4 ಇಂಚಿನ ಹಳೆಯ ಪ್ರಿಂಟನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ ಸಿಗುವ ಅಗಲ 1800 ಪಿಕ್ಸೆಲ್. ಜೂಮ್ ಮಾಡುವ ಮೊದಲೇ ಅದು ಸಾಲದು. 600 ಡಿಪಿಐನಲ್ಲಿ 3600 ಸಿಗುತ್ತದೆ. ಸೀರೆಯ ಸಣ್ಣ ಗೆರೆ, ಹೆಂಚಿನ ಸಾಲಿನಂಥ ನವಿರಾದ ವಿವರಗಳು ಚಲಿಸುವಾಗ ಮಿನುಗಿ ಕಣ್ಣಿಗೆ ಕಿರಿಕಿರಿಯಾಗಬಹುದು. ಚಿತ್ರವನ್ನು ತುಸು ಮಸುಕುಗೊಳಿಸಿದರೆ ಮಿನುಗು ತಗ್ಗುತ್ತದೆ.

ಬಳಕೆ ಮತ್ತು ಮಿತಿಗಳು

ಪ್ರತಿ ಚಲನೆಗೂ ಕಾರಣವಿರಬೇಕು. ಮುಖದತ್ತ ಸಾಗುವ ಜೂಮ್ ಆ ವ್ಯಕ್ತಿಯತ್ತ ಗಮನ ಸೆಳೆಯುತ್ತದೆ. ಮುಖದಿಂದ ಹಿಂದೆ ಸರಿಯುವ ಜೂಮ್ ಆತ ಯಾರ ನಡುವೆ, ಎಲ್ಲಿ ನಿಂತಿದ್ದಾನೆಂದು ತಿಳಿಸುತ್ತದೆ. ಸಾಲಾಗಿ ನಿಂತವರ ಗುಂಪು ಚಿತ್ರಕ್ಕೆ ಪ್ಯಾನ್ ಒಪ್ಪುತ್ತದೆ. ತಂತ್ರಾಂಶ ತಾನಾಗಿ ಕೊಡುವ ಚಲನೆ ಎಷ್ಟೋ ಸಲ ತಲೆ ಕತ್ತರಿಸುತ್ತದೆ ಅಥವಾ ಖಾಲಿ ಗೋಡೆಯ ಮೇಲೆ ನಿಲ್ಲುತ್ತದೆ, ಆದ್ದರಿಂದ ಎರಡೂ ಚೌಕಟ್ಟುಗಳನ್ನು ಕೈಯಾರೆ ಇಡುವುದೇ ಸರಿ. ಎಲ್ಲ ಫೋಟೊಗಳೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಚಲಿಸಿದರೆ ಯಾವುದಕ್ಕೂ ಒತ್ತು ಬರದು. ಕೆಲವು ಫೋಟೊಗಳನ್ನು ಅಲುಗಾಡಿಸದೆ ತೋರಿಸುವುದೂ ಸಂಕಲನದ ಭಾಗವೇ.

ಈ ಚಲನೆಯಿಂದ ಚಿತ್ರಕ್ಕೆ ಆಳ ಬರುವುದಿಲ್ಲ. ಹತ್ತಿರದ ಮರವೂ ದೂರದ ಬೆಟ್ಟವೂ ಒಟ್ಟಿಗೆ ಸರಿಯುತ್ತವೆ. ಮುನ್ನೆಲೆಯನ್ನು ಹಿನ್ನೆಲೆಯಿಂದ ಬಿಡಿಸಿ ಬೇರೆಬೇರೆ ವೇಗದಲ್ಲಿ ಚಲಿಸುವಂತೆ ಮಾಡುವ ವಿಧಾನ ಈ ಕೊರತೆ ನೀಗುತ್ತದೆ. ‘ದಿ ಕಿಡ್ ಸ್ಟೇಸ್ ಇನ್ ದ ಪಿಕ್ಚರ್’ (2002) ಸಾಕ್ಷ್ಯಚಿತ್ರ ಅದಕ್ಕೆ ಪ್ರಸಿದ್ಧ ಉದಾಹರಣೆ. ಚೌಕಟ್ಟಿನ ಹೊರಗೆ ಬಿಟ್ಟದ್ದೂ ಅರ್ಥವನ್ನು ಬದಲಿಸುತ್ತದೆ: ಗುಂಪಿನಿಂದ ಒಬ್ಬನನ್ನೇ ಆರಿಸಿ ತೋರಿಸಿದರೆ ಅವನು ಒಂಟಿಯೆಂಬ ಭಾವನೆ ಮೂಡಬಹುದು. ಐತಿಹಾಸಿಕ ಫೋಟೊಗಳನ್ನು ಬಳಸುವಾಗ ಒಮ್ಮೆಯಾದರೂ ಇಡೀ ಚಿತ್ರವನ್ನು ತೋರಿಸುವುದು ಪ್ರೇಕ್ಷಕನಿಗೂ ಚಿತ್ರದಲ್ಲಿರುವವರಿಗೂ ಸಲ್ಲಬೇಕಾದ ನ್ಯಾಯ.