ಗುಳೆ ಹೋಗಿ ಬಂದ ಕೌದಿ

ನಿಮ್ಮೆದುರು ಇರುವುದು ಯರಗೇರಾ ಸೀಮೆಯ ಮನೆಮನೆಯಲ್ಲಿ ಕಾಣುವಂಥ ಕೈಹೊಲಿಗೆಯ ಕೌದಿ. ಹಳೆಯ ಸೀರೆ, ಧೋತರ, ಕುಬಸದ ಖಣ, ಮಕ್ಕಳ ಅಂಗಿ, ಹೀಗೆ ಉಟ್ಟು ಸವೆದದ್ದೆಲ್ಲ ಇದರಲ್ಲಿದೆ. ಹೊಸ ಬಟ್ಟೆ ಒಂದು ಗೇಣೂ ಇಲ್ಲ.

ಇದರ ವಯಸ್ಸನ್ನು ಬಟ್ಟೆಯೇ ಹೇಳುತ್ತದೆ. ಹರಿದ ಕಡೆ ಇಣುಕುವ ಒಳಪದರದ ಹತ್ತಿ ಸೀರೆ, ಮೇಲಿನ ಪಾಲಿಸ್ಟರ್ ತುಂಡಿಗಿಂತ ಒಂದು ತಲೆಮಾರು ಹಿರಿಯದು. ಅವ್ವ ಹೊಲಿದದ್ದರ ಮೇಲೆ ಮಗಳು ತೇಪೆ ಹಾಕುತ್ತಾ ಬಂದಿದ್ದಾಳೆ.

ಹೊಲಿಯುವವರು ಹೆಂಗಸರೇ. ಸುಗ್ಗಿ ಮುಗಿದ ಮೇಲೆ ಕಟ್ಟೆಯ ಮೇಲೆ ಬಟ್ಟೆ ಹರವಿ, ಅಂಚಿನಿಂದ ನಡುವಿಗೆ ಸುತ್ತು ಹಾಕುತ್ತಾ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾರೆ. ಅಳತೆಪಟ್ಟಿ ಇಲ್ಲ, ನಕ್ಷೆ ಇಲ್ಲ. ಗೇಣು, ಮೊಳವೇ ಲೆಕ್ಕ. ಕೌದಿ ಉಪವಾಸ ಇರಬಾರದೆಂದು ಕೊನೆಯ ತೇಪೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿಯುವ ಮನೆಗಳೂ ಉಂಟು.

ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ಕಡೆಯ ಸಂಸಾರಗಳು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತವೆ. ಹಿಟ್ಟಿನ ಚೀಲ, ಪಾತ್ರೆಯ ಗಂಟಿನ ಜೊತೆ ಕೌದಿಯೂ ಹೊರಡುತ್ತದೆ. ತಗಡಿನ ಶೆಡ್ಡಿನಲ್ಲಿ ಅದು ಹಾಸಿಗೆ, ಹೊದಿಕೆ, ಬಾಗಿಲಿಗೆ ಪರದೆ, ಕೂಸಿಗೆ ನೆರಳು.

ಬಲ ಮೂಲೆ ನೋಡಿ: ಕೆಂಪು ರೇಷ್ಮೆಯಲ್ಲಿ ಬಿಳಿ ಹಲ್ಲಿನಂತೆ ಸಾಲುಗಟ್ಟಿದ ತುಂಡು. ಅದು ಇಳಕಲ್ ಸೀರೆಯ ಸೆರಗು. ಅದರ ಸುತ್ತ ಮಾತ್ರ ಹೊಲಿಗೆ ಎರಡು ಸಾಲು. ನಮಗೆ ಇಡೀ ಕೌದಿಯಲ್ಲಿ ಹೆಚ್ಚು ಇಷ್ಟವಾದ ಜಾಗ ಇದೇ.

ಹಳೆಯ ದಾರ ಬಲು ಬೇಗ ಬಿಡುತ್ತದೆ. ದಯವಿಟ್ಟು ಮುಟ್ಟಬೇಡಿ.