ಸುಂಕ, ಜಕಾತಿ, ಸಾಯರು: ಕನ್ನಡ ನಾಡಿನ ವಾಣಿಜ್ಯ ಪರಿಭಾಷೆಯ ಒಂದು ವಿಚಾರ

ಕನ್ನಡ ನಾಡಿನ ಆರ್ಥಿಕ ಚರಿತ್ರೆಯನ್ನು ವ್ಯಾಸಂಗ ಮಾಡುವವರಿಗೆ ಸುಂಕ, ಜಕಾತಿ, ಸಾಯರು ಎಂಬ ಮೂರು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ನಿಘಂಟುಗಳು ಒಂದರ ಅರ್ಥವನ್ನು ಇನ್ನೊಂದರಿಂದ ಹೇಳಿ ಮುಗಿಸುತ್ತವೆ. ತರಗತಿಗಳಲ್ಲಿಯೂ ಇವನ್ನು ಪರ್ಯಾಯಪದಗಳೆಂದೇ ಬಳಸುವ ವಾಡಿಕೆಯುಂಟು. ಈ ವಾಡಿಕೆಯಿಂದ ಚರಿತ್ರೆಗೆ ಸಣ್ಣದಲ್ಲದ ನಷ್ಟವಾಗಿದೆಯೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಈ ಮೂರು ಪದಗಳು ಮೂರು ಬೇರೆ ಬೇರೆ ದಾರಿಗಳಲ್ಲಿ ಬಂದವು. ವರ್ತಕನಿಂದ ಹಣ ಕೇಳುವುದಕ್ಕೆ ಒಂದೊಂದೂ ಒಂದೊಂದು ಆಧಾರವನ್ನು ಹೇಳುತ್ತದೆ. ಆ ಆಧಾರವನ್ನು ಮರೆತು ದಾಖಲೆಗಳನ್ನು ಓದಿದರೆ ಯಾರು, ಯಾವುದಕ್ಕಾಗಿ, ಎಲ್ಲಿ ತೆತ್ತರೆಂಬುದೇ ಮರೆಯಾಗುತ್ತದೆ.

ಇವುಗಳಲ್ಲಿ ಸುಂಕವೇ ಹಳೆಯದು. ಸಂಸ್ಕೃತದ ‘ಶುಲ್ಕ’ವು ಪ್ರಾಕೃತದಲ್ಲಿ ‘ಸುಂಕ’ವಾಗಿ ಕನ್ನಡಕ್ಕೆ ಬಂದಿತು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ವಿಚಾರವಾಗಿ ಒಂದು ಪ್ರಕರಣವೇ ಇದೆ. ವರ್ತಕರು ಯಾರು, ಎಲ್ಲಿಂದ ಬಂದವರು, ತಂದ ಸರಕೆಷ್ಟು, ಮುದ್ರೆ ಎಲ್ಲಿ ಬಿದ್ದಿತು ಎಂಬುದನ್ನು ಶುಲ್ಕಶಾಲೆಯಲ್ಲಿ ಬರೆದುಕೊಳ್ಳಬೇಕೆಂದೂ ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಶುಲ್ಕವೆಂದೂ ಅಲ್ಲಿ ವಿಧಿಸಿದೆ. ಹೊರಗಿನಿಂದ ಬರುವ ಸರಕಿಗೆ ಸಾಮಾನ್ಯವಾಗಿ ಬೆಲೆಯ ಐದನೆಯ ಒಂದು ಭಾಗ. ಎಂದರೆ ಅರ್ಥಶಾಸ್ತ್ರದ ಶುಲ್ಕವು ಬೆಲೆಯನ್ನು ನೋಡಿ ಕಟ್ಟಿದ್ದು. ಇದು ಶಾಸ್ತ್ರಗ್ರಂಥದ ವಿಧಿಯೆಂಬುದನ್ನೂ ನೆನಪಿನಲ್ಲಿಡಬೇಕು.

ಕನ್ನಡ ಶಾಸನಗಳ ಸುಂಕದ ರೀತಿ ಬೇರೆ. ಅಲ್ಲಿ ಲೆಕ್ಕದ ಮಾನವೆಂದರೆ ಬಹುಮಟ್ಟಿಗೆ ಹೊರೆ. ಎತ್ತಿನ ಹೇರು, ಕತ್ತೆಯ ಹೇರು, ಬಂಡಿ, ಹಸುಬೆ, ತಲೆಹೊರೆ ಎಂದು ಸರಕು ಸಾಗುವ ಬಗೆಯನ್ನು ನೋಡಿ ಹಾಗವೋ ವೀಸವೋ ನಿಗದಿಯಾಗುತ್ತಿತ್ತು. ಹಲವೆಡೆ ಹಣವೂ ಇಲ್ಲ. ಎಲೆಯ ಹೇರಿಗೆ ಇಂತಿಷ್ಟು ಎಲೆ, ಗಾಣಕ್ಕೆ ಇಂತಿಷ್ಟು ಎಣ್ಣೆ. ಈ ವಿವರಗಳು ನಮಗೆ ದೊರೆತಿರುವುದು ಆ ಆದಾಯವನ್ನು ದೇವಾಲಯಕ್ಕೋ ಬಸದಿಗೋ ಬಿಟ್ಟುಕೊಟ್ಟಾಗ ಕಲ್ಲಿನಲ್ಲಿ ಬರೆಸಿದುದರಿಂದ. ದಾನವಾಗದೆ ಅರಸನ ಬೊಕ್ಕಸಕ್ಕೆ ನೇರವಾಗಿ ಹೋದ ಸುಂಕದ ಬಗ್ಗೆ ಶಾಸನಗಳು ಅಷ್ಟು ಮಾತನಾಡುವುದಿಲ್ಲ. ದತ್ತಿಯ ಶಾಸನಗಳಿಂದ ರಾಜ್ಯದ ಒಟ್ಟು ಆದಾಯವನ್ನು ಊಹಿಸಹೊರಡುವವರು ಈ ಮಿತಿಯನ್ನು ಗಮನಿಸಬೇಕು.

ಶಾಸನಗಳಲ್ಲಿ ‘ಪೆರ್ಜುಂಕ’ ಅಥವಾ ‘ಹೆಜ್ಜುಂಕ’ವು ದೊಡ್ಡ ಪ್ರಮಾಣದ ಸರಕಿನ ಮೇಲಿನದು, ಅದಕ್ಕೆ ಎದುರಾಗಿ ಚಿಲ್ಲರೆ ಬಾಬುಗಳ ಮೇಲಿನದು ‘ಕಿರುಕುಳ’. ಈ ಎರಡನೆಯ ಪದದ ಗತಿ ವಿಚಿತ್ರವಾದುದು. ಸಣ್ಣಪುಟ್ಟ ಬಾಬು ಎಂಬ ಅರ್ಥವಿದ್ದ ಮಾತು ಇಂದಿನ ಕನ್ನಡದಲ್ಲಿ ಪೀಡೆ, ಉಪದ್ರವ ಎಂಬ ಅರ್ಥಕ್ಕೆ ನಿಂತಿದೆ. ಈ ಅರ್ಥಾಂತರಕ್ಕೆ ಸುಂಕದ ಕಟ್ಟೆಯೊಂದೇ ಕಾರಣವೆಂದು ಹೇಳಲಾಗದಿದ್ದರೂ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕಟ್ಟಿದ ಜನರಿಗೆ ಈ ಎರಡು ಅರ್ಥಗಳು ದೂರವೆಂದು ತೋರಿರಲಾರದು. ವಡ್ಡರಾವುಳ, ಬಿಲ್ಕೊಡೆ, ಪನ್ನಾಯ ಮೊದಲಾದ ಇತರ ಪದಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿರುವುದರಿಂದ ಅವನ್ನು ಇಲ್ಲಿ ಚರ್ಚಿಸುವುದಿಲ್ಲ.

ಇದುವರೆಗೆ ಹೇಳಿದುದು ಒಳನಾಡಿನ ದಾರಿಗಳ ಮಾತು. ಘಟ್ಟವನ್ನಿಳಿದು ಕರಾವಳಿಗೆ ಬಂದೊಡನೆ ಪರಿಭಾಷೆಯ ಬಣ್ಣವೇ ಬದಲಾಗುತ್ತದೆ. ಹಡಗು, ದೋಣಿ, ಹಾಯಿ, ಕೂವೆ ಇವು ದ್ರಾವಿಡ ಮೂಲದ ಮಾತುಗಳು. ಆದರೆ ಹಡಗು ನಿಲ್ಲುವ ಬಂದರು ಪಾರಸಿಯಿಂದ ಬಂದುದು, ಲಂಗರೂ ಅಲ್ಲಿಯದೇ. ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’. ಹಡಗಿನ ಒಡೆಯನಾದ ನಾಖುದನು ಪಾರಸಿಯ ‘ನಾವ್’, ‘ಖುದಾ’ ಎಂಬೆರಡು ಪದಗಳ ಸಮಾಸ. ಮರವನ್ನು ಕಡೆದು ಹಡಗಿನ ಮೈಯನ್ನು ಕಟ್ಟಿದವರ ಮಾತು ಒಂದು, ಅದನ್ನು ಕಡಲಾಚೆಗೆ ನಡೆಸಿದವರ ಮಾತು ಇನ್ನೊಂದು ಎಂದು ಇದರಿಂದ ಊಹಿಸಲು ಅವಕಾಶವಿದೆ. ಹಾಗೆಯೇ ಸಂಸ್ಕೃತದಲ್ಲಿ ರೇವುಪಟ್ಟಣವನ್ನು ಸೂಚಿಸುತ್ತಿದ್ದ ‘ಪತ್ತನ’ವು ಕನ್ನಡದಲ್ಲಿ ‘ಪಟ್ಟಣ’ವಾಗಿ ಕಡಲನ್ನೇ ಕಾಣದ ಊರುಗಳಿಗೂ ಸಂದಿತು; ತೆರವಾದ ಆ ಸ್ಥಾನಕ್ಕೆ ಬಂದರು ಬಂದು ಕುಳಿತಿತು.

12ನೆಯ ಶತಮಾನದಲ್ಲಿ ಈ ಎರಡು ಲೋಕಗಳು ಮಂಗಳೂರಿನಲ್ಲಿ ಕೂಡಿದ್ದಕ್ಕೆ ಅಪೂರ್ವವಾದ ಸಾಕ್ಷ್ಯವಿದೆ. ಕೈರೋ ನಗರದ ಸಿನಗಾಗಿನ ಗೆನಿಜಾದಲ್ಲಿ ದೊರೆತ ಪತ್ರಗಳಿಂದ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು 1132ರಿಂದ 1149ರ ವರೆಗಿನ ಬಹುಕಾಲವನ್ನು ಮಲಬಾರು-ಮಂಗಳೂರು ತೀರದಲ್ಲಿ ಕಳೆದನೆಂದು ತಿಳಿಯುತ್ತದೆ. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸಿಬರುತ್ತಿದ್ದವನ ಹೆಸರನ್ನು ವಿದ್ವಾಂಸರು ‘ಬೊಮ್ಮ’ ಎಂದು ಓದಿದ್ದಾರೆ. ಏಡನ್ನಿನ ರೇವಿನ ಅಧಿಕಾರಿ ಮದ್ಮೂನ್ ಇಬ್ನ್ ಹಸನನಿಗೆ ‘ವಕೀಲ್ ಅಲ್ ತುಜ್ಜಾರ್’, ಎಂದರೆ ವರ್ತಕರ ಪ್ರತಿನಿಧಿ, ಎಂಬ ಪದವಿಯಿತ್ತು. ಆ ವಕೀಲನು ಮುಂದೆ ಕನ್ನಡಕ್ಕೂ ಬಂದನಾದರೂ ಬಂದರನ್ನು ಬಿಟ್ಟು ನ್ಯಾಯಾಲಯವನ್ನು ಸೇರಿಕೊಂಡನು. ಮೆಣಸು, ಕಬ್ಬಿಣಗಳ ಮೇಲೆ ಏಡನ್ನಿನಲ್ಲಿ ತೆತ್ತ ಸುಂಕವು ‘ಉಶೂರ್’ ಎಂಬ ಹೆಸರಿನದು; ಅದರ ಧಾತ್ವರ್ಥ ಹತ್ತನೆಯ ಒಂದು ಭಾಗ.

ಎರಡು ಶತಮಾನಗಳ ತರುವಾಯ, ಸುಮಾರು 1342ರಲ್ಲಿ, ಇಬ್ನ್ ಬತೂತಾ ಈ ತೀರವನ್ನು ಹಾದುಹೋದನು. ಅವನು ಫಾಕನೂರ್ ಎಂದು ಕರೆದ ಊರು ನಮ್ಮ ಬಾರಕೂರು. ಅಲ್ಲಿಯ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವೆಂದೂ, ಹಾದುಹೋಗುವ ಪ್ರತಿಯೊಂದು ಹಡಗೂ ರೇವಿನಲ್ಲಿ ನಿಂತು ಕಾಣಿಕೆ ಸಲ್ಲಿಸಬೇಕಾಗಿತ್ತೆಂದೂ, ತಪ್ಪಿಸಿಕೊಂಡು ಹೋದವರನ್ನು ಬೆನ್ನಟ್ಟಿ ಹಿಡಿದುತಂದು ಇಮ್ಮಡಿ ವಸೂಲು ಮಾಡುತ್ತಿದ್ದರೆಂದೂ ಬರೆದಿದ್ದಾನೆ. ಈ ಕಾಣಿಕೆಗೆ ಅವನು ಹೇಳುವ ಹೆಸರು ‘ಹಕ್ಕ್ ಅಲ್ ಬಂದರ್’. ಹಕ್ಕು, ಬಂದರು ಎಂಬ ಎರಡು ಮಾತುಗಳೂ ಇಂದು ಅಪ್ಪಟ ಕನ್ನಡದಂತೆಯೇ ಕೇಳಿಸುತ್ತವೆ. ಬಾರಕೂರಿನ ಜನ ಆಗ ಅದನ್ನು ಏನೆಂದು ಕರೆಯುತ್ತಿದ್ದರೋ ಯಾತ್ರಿಕನು ಹೇಳಿಲ್ಲ. ಆದರೆ ಪರದೇಶದ ವರ್ತಕನಿಗೆ ಅರ್ಥವಾಗುವ ಹೆಸರೊಂದು ಆ ರೇವುಗಳಲ್ಲಿ ಚಲಾವಣೆಯಲ್ಲಿತ್ತೆಂಬುದು ಸ್ಪಷ್ಟ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಹೇರನ್ನು ಎಣಿಸುವ ಮಾತೇ ಇಲ್ಲ. ರೇವಿನ ಮುಂದೆ ಹಾಯ್ದುದೇ ತೆರುವುದಕ್ಕೆ ಸಾಕಾದ ಕಾರಣ.

ಜಕಾತಿಯನ್ನು ಅರಿಯಲು ಈ ಹಿನ್ನೆಲೆ ಅವಶ್ಯ. ಅರಬ್ಬಿಯ ‘ಜಕಾತ್’ ಎಂದರೆ ಮುಸಲ್ಮಾನನು ತನ್ನ ಸಂಪತ್ತಿನಲ್ಲಿ ನಲವತ್ತನೆಯ ಒಂದು ಭಾಗವನ್ನು ಕೊಡಬೇಕಾದ ಧಾರ್ಮಿಕ ದಾನ. ಅದು ಹಾದಿಯ ಸುಂಕವಾದುದು ಹೇಗೆ? ಹನಫೀ ಪಂಥದ ಧರ್ಮಶಾಸ್ತ್ರದಂತೆ, ದಾರಿಯಲ್ಲಿ ಕುಳಿತ ಅಧಿಕಾರಿಯು ಮುಸಲ್ಮಾನ ವರ್ತಕನಿಂದ ನಲವತ್ತನೆಯ ಒಂದು ಭಾಗವನ್ನು, ರಾಜ್ಯದ ರಕ್ಷಣೆಯಲ್ಲಿರುವ ಅನ್ಯಮತೀಯನಿಂದ ಇಪ್ಪತ್ತನೆಯ ಒಂದು ಭಾಗವನ್ನು, ಪರರಾಜ್ಯದವನಿಂದ ಹತ್ತನೆಯ ಒಂದು ಭಾಗವನ್ನು ಪಡೆಯಬಹುದು. ಮೊದಲನೆಯವನು ಕೊಟ್ಟದ್ದು ಅವನ ಜಕಾತ್ ಲೆಕ್ಕಕ್ಕೆ ಸೇರುತ್ತಿತ್ತು. ಕಾಲಕ್ರಮದಲ್ಲಿ ಆ ಒಂದು ಹೆಸರು ಕಟ್ಟೆಯಲ್ಲಿ ತೆತ್ತ ಎಲ್ಲ ಹಣಕ್ಕೂ ವ್ಯಾಪಿಸಿತು. ಔರಂಗಜೇಬನು 1665ರಲ್ಲಿ ಮುಸಲ್ಮಾನರಿಗೆ ನೂರಕ್ಕೆ ಎರಡೂವರೆ, ಹಿಂದೂಗಳಿಗೆ ಐದು ಎಂದು ದರವನ್ನು ಕಟ್ಟಿದುದೂ ಇದೇ ಕ್ರಮದ್ದು. ಇಲ್ಲಿ ತೆರುವ ಮೊತ್ತಕ್ಕೆ ಆಧಾರ ಸರಕಿನ ಬೆಲೆ ಮತ್ತು ಸರಕಿನ ಒಡೆಯ. ಶಾಸನಗಳ ಹೆಜ್ಜುಂಕದಲ್ಲಿ ಒಡೆಯನ ಮತವನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ಹೆಜ್ಜುಂಕವನ್ನು ಜಕಾತಿಯೆಂದು ಅನುವಾದಿಸುವುದು ತಪ್ಪೆನ್ನಲು ಇದೊಂದೇ ಸಾಕು.

1442ರಲ್ಲಿ ಕಲ್ಲಿಕೋಟೆಗೆ ಬಂದಿಳಿದು, ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಹೋದ ಅಬ್ದುರ್ ರಜಾಕನು ಕಲ್ಲಿಕೋಟೆಯಲ್ಲಿ ಮಾರಾಟವಾದ ಸರಕಿಗೆ ನಲವತ್ತನೆಯ ಒಂದು ಭಾಗ, ಮಾರಾಟವಾಗದಿದ್ದರೆ ಏನೂ ಇಲ್ಲ ಎಂದು ಹೇಳುತ್ತಾನೆ. ಅರಸನು ಹಿಂದು, ದರವು ಜಕಾತಿನದು. ಇದು ಆಕಸ್ಮಿಕವಿರಬಹುದು. ಆದರೆ ಅರಬ್ಬೀ ವರ್ತಕರನ್ನು ಸೆಳೆಯಬಯಸಿದ ರೇವಿಗೆ ಅವರಿಗೆ ಪರಿಚಿತವಾದ ದರಕ್ಕಿಂತ ಉತ್ತಮವಾದ ಆಹ್ವಾನ ಬೇರೊಂದಿರಲಿಲ್ಲ. ಇತ್ತ ಮರಾಠರ ಆಳ್ವಿಕೆಗೆ ಬರುವಷ್ಟರಲ್ಲಿ ಜಕಾತಿಯು ಮತದ ಸಂಬಂಧವನ್ನು ಪೂರ್ತಿಯಾಗಿ ಕಳಚಿಕೊಂಡು ಎಲ್ಲರೂ ತೆರುವ ಸಾಗಾಣಿಕೆ ಸುಂಕವಾಗಿತ್ತು. ಮುಂಬಯಿ ಕರ್ನಾಟಕದ ಕನ್ನಡದಲ್ಲಿ ಉಳಿದುದು ಈ ಅರ್ಥದ ಜಕಾತಿ.

ಸಾಯರಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅರಬ್ಬಿಯ ‘ಸಾಇರ್’ ಎಂದರೆ ಉಳಿದದ್ದು. ಭೂಕಂದಾಯವನ್ನು ಬರೆದಾದ ಮೇಲೆ ಉಳಿದ ಬಾಬುಗಳನ್ನೆಲ್ಲ ಸೇರಿಸುವ ಲೆಕ್ಕದ ಶೀರ್ಷಿಕೆ ಅದು. ಆದಕಾರಣ ಅದರೊಳಗೆ ಏನು ಬೇಕಾದರೂ ಸೇರಬಹುದಾಗಿತ್ತು. 1834ರಿಂದ 1861ರ ವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಲಾಯಿತೆಂದು ಆಡಳಿತದ ಇತಿಹಾಸಗಳು ತಿಳಿಸುತ್ತವೆ. ಮದುವೆಗೆ, ಮಗು ಹುಟ್ಟಿದುದಕ್ಕೆ, ಅದಕ್ಕೆ ಹೆಸರಿಟ್ಟುದಕ್ಕೆ ತೆರಿಗೆಗಳಿದ್ದವು. ಪಾಳೆಯಗಾರನ ಕಳೆದುಹೋದ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತೆರುತ್ತಿದ್ದರು. ನಗರ ಪ್ರಾಂತದ ಒಂದೆಡೆ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವನೂ ತೆರಬೇಕಾಗಿತ್ತು. ಇವೆಲ್ಲ ಸರ್ಕಾರಿ ಲೆಕ್ಕದಲ್ಲಿ ವಿಧಿವತ್ತಾಗಿ ದಾಖಲಾದ ಆದಾಯಗಳೇ. ಇಂಥವುಗಳ ಜತೆಗೆ ಹಾದಿಯ ಸುಂಕವನ್ನೂ ‘ಉಳಿದದ್ದು’ ಎಂಬ ಮಾತಿನೊಳಗೆ ತುಂಬಿದಾಗ ವಾಣಿಜ್ಯದ ಚಿತ್ರ ಮಸುಕಾಗುತ್ತದೆ. ಸಾಯರಿನ ಏರಿಳಿತವನ್ನು ವ್ಯಾಪಾರದ ಏರಿಳಿತವೆಂದು ಓದುವವರು ಆ ಶೀರ್ಷಿಕೆಯಡಿ ಏನೇನಿತ್ತೆಂಬುದನ್ನು ಮೊದಲು ಬಿಡಿಸಿ ನೋಡಬೇಕು.

ಬ್ರಿಟಿಷರು ಒಳನಾಡಿನ ಸಾಗಾಣಿಕೆ ಸುಂಕವನ್ನು ಮುಂಬಯಿ ಪ್ರಾಂತದಲ್ಲಿ 1838ರಲ್ಲಿಯೂ, ಆಗ ಕೆನರಾ ಜಿಲ್ಲೆಯನ್ನು ಒಳಗೊಂಡಿದ್ದ ಮದರಾಸು ಪ್ರಾಂತದಲ್ಲಿ 1844ರಲ್ಲಿಯೂ ತೆಗೆದುಹಾಕಿದರು. ಧಾರವಾಡದ ಹತ್ತಿಗೂ ಕೆನರಾದ ಅಕ್ಕಿಗೂ ದಾರಿಯ ಕಟ್ಟೆಗಳು ತಪ್ಪಿದವು. ಸುಂಕವು ಕಡಲ ತೀರಕ್ಕೂ ಸಂಸ್ಥಾನಗಳ ಗಡಿಗಳಿಗೂ ಸರಿಯಿತು. 1878ರ ಸಮುದ್ರ ಸುಂಕದ ಕಾಯಿದೆ, 1924ರ ಭೂ ಸುಂಕದ ಕಾಯಿದೆಗಳ ಸ್ಥಾನದಲ್ಲಿ ಭಾರತದ ಸಂಸತ್ತು 1962ರಲ್ಲಿ ಒಂದೇ ಕಾಯಿದೆಯನ್ನು ತಂದಿತು. ಅದರ ವಿಷಯಕ್ಕೆ ಕನ್ನಡದಲ್ಲಿ ನೆಲೆನಿಂತ ಹೆಸರು ‘ಸೀಮಾ ಸುಂಕ’. ಸೀಮೆಯ ಒಳಗೆ, ಘಟ್ಟದ ಬಾಯಲ್ಲಿ, ಸಂತೆಯ ಅಂಚಿನಲ್ಲಿ, ಊರ ಉಕ್ಕಡದಲ್ಲಿ ಎತ್ತಿನ ಹೇರನ್ನು ತಡೆದು ಕೇಳುತ್ತಿದ್ದ ಸುಂಕ ಎಂಬ ಮಾತಿಗೆ ಈಗ ದೇಶದ ಎಲ್ಲೆಯೇ ವಿಶೇಷಣವಾಗಿದೆ. ಹೊಯ್ಸಳರ ಹೆಜ್ಜುಂಕವನ್ನು ಓದುವ ವಿದ್ಯಾರ್ಥಿಯು ಈ ಎಲ್ಲೆಯನ್ನು ಮನಸ್ಸಿನಿಂದ ತೆಗೆದಿಟ್ಟು ಓದಬೇಕು. ಬೆಂಗಳೂರಿನ ಸುಂಕದಕಟ್ಟೆಯಂತಹ ಸ್ಥಳನಾಮಗಳು ಅದಕ್ಕೆ ನೆರವಾಗುತ್ತವೆ.