ಎಲೆಕ್ಟ್ರಾನಿಕ್ ಸಿಟಿಯೂ ಮಾಹಿತಿ ಭದ್ರತೆಯ ವ್ಯಾಸಂಗವೂ

ಬೆಂಗಳೂರಿನ ಹೊರವಲಯದಲ್ಲಿ, ಹೊಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆಯನ್ನು ಬರೆಯುವವರು ಉದ್ಯಮದಿಂದಲೇ ಆರಂಭಿಸುವುದು ವಾಡಿಕೆ. 1976ರಲ್ಲಿ ರಾಜ್ಯ ಸರ್ಕಾರವು ಕಿಯೋನಿಕ್ಸ್ ನಿಗಮವನ್ನು ಸ್ಥಾಪಿಸಿದುದು, ಅದರ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರ ಕಲ್ಪನೆಯಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಈ ಕೈಗಾರಿಕಾ ನಗರ ರೂಪುಗೊಂಡುದು, ಇವು ವಿದಿತವಾದ ಸಂಗತಿಗಳು. ನಾವು ಇಲ್ಲಿ ವಿಚಾರಿಸಹೊರಟಿರುವುದು ಬೇರೊಂದು ಪ್ರಶ್ನೆಯನ್ನು. ಪರರ ಲೆಕ್ಕಪತ್ರಗಳನ್ನೂ ದಾಖಲೆಗಳನ್ನೂ ಗಣಕಯಂತ್ರದಲ್ಲಿ ನಿರ್ವಹಿಸಿ ಬಾಳುವ ಈ ಪ್ರದೇಶದಲ್ಲಿ, ಅವನ್ನು ಕಾಯುವ ವಿದ್ಯೆ ಪಾಠಪಟ್ಟಿಗೆ ಯಾವ ದಾರಿಯಿಂದ ಬಂದಿತು? ಬಂದ ಕ್ರಮವು ಅದನ್ನು ಕಲಿಯುವ ವಿದ್ಯಾರ್ಥಿಯ ಮೇಲೆ ಯಾವ ಪರಿಣಾಮವನ್ನುಂಟುಮಾಡಿದೆ?

ಕಿಯೋನಿಕ್ಸ್ ಹುಟ್ಟಿದ 1976ರಲ್ಲಿಯೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್ಮನ್ ಎಂಬ ವಿದ್ವಾಂಸರು ಗೂಢಲಿಪಿಶಾಸ್ತ್ರದಲ್ಲಿ ಹೊಸ ದಾರಿಯೊಂದನ್ನು ಸೂಚಿಸುವ ಪ್ರಬಂಧವನ್ನು ಪ್ರಕಟಿಸಿದರು. ಕಾಲದ ಈ ಹೊಂದಿಕೆ ಆಕಸ್ಮಿಕವೇ ಸರಿ, ಆದರೂ ಗಮನಾರ್ಹ. ಅದುವರೆಗೆ ರಹಸ್ಯ ಬರೆಹವೆಂಬುದು ಹೆಚ್ಚಾಗಿ ಸೇನೆಯ, ರಾಯಭಾರಿಗಳ ಸ್ವತ್ತು. ಬೀಗ ಹಾಕುವ ಕೈಯೂ ತೆರೆಯುವ ಕೈಯೂ ಒಂದೇ; ಅದನ್ನು ಮೊದಲೇ ಗುಟ್ಟಾಗಿ ಹಂಚಿಕೊಂಡಿರಬೇಕು. ಹೊಸ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಎರಡು ಕೈಗಳು: ಒಂದನ್ನು ಲೋಕಕ್ಕೆಲ್ಲ ಸಾರಬಹುದು, ಮತ್ತೊಂದನ್ನು ತಾನೊಬ್ಬನೇ ಇಟ್ಟುಕೊಳ್ಳತಕ್ಕದ್ದು. ರಕ್ಷಣೆ ನಿಲ್ಲಬೇಕಾದುದು ಕೈಯ ಗುಟ್ಟಿನ ಮೇಲೆ, ಪದ್ಧತಿಯ ಗುಟ್ಟಿನ ಮೇಲಲ್ಲ ಎಂದು ಕೆರ್ಕ್‌ಹಾಫ್ಸ್ ಎಂಬ ಪಂಡಿತನು 1883ರಲ್ಲಿಯೇ ಪ್ರತಿಪಾದಿಸಿದ್ದನು. ಪದ್ಧತಿಯನ್ನು ಬಚ್ಚಿಡಬೇಕಾಗಿಲ್ಲ ಎಂದಮೇಲೆ ಅದನ್ನು ತರಗತಿಯಲ್ಲಿ ಬೋಧಿಸುವುದಕ್ಕೆ ಅಡ್ಡಿಯೇನು?

ಅಡ್ಡಿ ಇದ್ದೇ ಇದ್ದಿತು. 1977ರಲ್ಲಿ, ಇಂತಹ ಸಂಶೋಧನೆಯನ್ನು ಬಹಿರಂಗ ಸಭೆಯಲ್ಲಿ ಮಂಡಿಸಿದರೆ ಯುದ್ಧಸಾಮಗ್ರಿಯ ರಫ್ತಿನ ಕಾನೂನನ್ನು ಮುರಿದಂತಾದೀತೆಂಬ ಎಚ್ಚರಿಕೆಯ ಪತ್ರವೊಂದು ಎಂಜಿನಿಯರುಗಳ ಸಂಸ್ಥೆಗೆ ಬಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಇಥಾಕಾ ನಗರದ ಗೋಷ್ಠಿಯಲ್ಲಿ ಹೆಲ್ಮನ್ನರ ಶಿಷ್ಯರಾದ ಮರ್ಕಲ್, ಪೊಹ್ಲಿಗ್ ಎಂಬಿಬ್ಬರು ಪ್ರಬಂಧಗಳನ್ನು ಓದಬೇಕಾಗಿದ್ದಿತು. ಮೊಕದ್ದಮೆಯಾದರೆ ಅಧ್ಯಾಪಕರ ಬೆಂಬಲಕ್ಕೆ ವಿಶ್ವವಿದ್ಯಾನಿಲಯ ನಿಲ್ಲಬಲ್ಲುದು, ವಿದ್ಯಾರ್ಥಿಗಳ ವಿಷಯದಲ್ಲಿ ಅಷ್ಟು ಭರವಸೆ ಕೊಡಲಾಗದು ಎಂದು ಅಲ್ಲಿಯ ನ್ಯಾಯ ಸಲಹೆಗಾರರು ತಿಳಿಸಿದರು. ಆದುದರಿಂದ ಹೆಲ್ಮನ್ನರು ತಾವೇ ಪ್ರಬಂಧಗಳನ್ನು ಓದಿದರು. ಕರ್ತೃಗಳಾದ ವಿದ್ಯಾರ್ಥಿಗಳು ವೇದಿಕೆಯ ಮೇಲೆ ಗುರುವಿನ ಪಕ್ಕದಲ್ಲಿ ಮೌನವಾಗಿ ನಿಂತಿದ್ದರು. ಈ ವಿದ್ಯೆಯ ಚರಿತ್ರೆಯಲ್ಲಿ ಗಣಿತದ ಯಾವ ಸೂತ್ರಕ್ಕಿಂತಲೂ ಈ ದೃಶ್ಯವೇ ಅಧ್ಯಾಪಕವರ್ಗಕ್ಕೆ ಹೆಚ್ಚು ಬೋಧಪ್ರದವೆಂದು ನಮ್ಮ ಭಾವನೆ.

ಕರ್ನಾಟಕದಲ್ಲಿ ಕ್ರಮ ಬೇರೆಯಾಯಿತು. ಇಲ್ಲಿ ಮೊದಲು ಬಂದುದು ವ್ಯಾಪಾರ, ಬಳಿಕ ಕಾನೂನು, ಆಮೇಲೆ ಪೊಲೀಸು. ಪಾಠಪಟ್ಟಿಯಲ್ಲಿ ವ್ಯವಸ್ಥಿತ ಸ್ಥಾನ ದೊರೆತುದು ಕಡೆಗೆ. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕಿನ ಉಪಗ್ರಹ ಸಂಪರ್ಕದಿಂದ ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಸಮುದ್ರದಾಚೆಗೆ ಹೋಗತೊಡಗಿತು. ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದು, ಮೇಲೆ ಹೇಳಿದ ಎರಡು ಕೈಗಳ ಪದ್ಧತಿಯನ್ನೇ ಆಧರಿಸಿದ ಡಿಜಿಟಲ್ ಸಹಿಗೆ ಮಾನ್ಯತೆಯಿತ್ತಿತು. ದೇಶದಲ್ಲಿ ಮೊದಲನೆಯದೆಂದು ಹೆಸರಾದ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಇದೇ ವರ್ಷಗಳಲ್ಲಿ ಭದ್ರತೆಯ ಪ್ರಶ್ನೆ ಕಂಪನಿಗಳ ಗೇಟಿನಿಂದ ಬಹುದೂರದಲ್ಲಿ, ತಾಲ್ಲೂಕು ಕಚೇರಿಯಲ್ಲಿಯೂ ಎದ್ದಿತೆಂಬುದನ್ನು ಮರೆಯಲಾಗದು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೇರಿದುವು. ಕೈಬರೆಹದ ಪಹಣಿಯನ್ನು ತಿದ್ದಿದರೆ ಶಾಯಿಯ ಬಣ್ಣವಾದರೂ ಸಾಕ್ಷಿ ನುಡಿಯುತ್ತಿದ್ದಿತು. ತೆರೆಯ ಮೇಲಣ ಅಕ್ಷರಕ್ಕೆ ಆ ಗುಣವಿಲ್ಲ. ಆದುದರಿಂದ ನೌಕರನು ಬೆರಳಚ್ಚು ಕೊಟ್ಟ ಮೇಲೆಯೇ ದಾಖಲೆ ತೆರೆಯುವ ಏರ್ಪಾಡಾಯಿತು. ‘ಇದನ್ನು ಬರೆದವನು ನಾನಲ್ಲ’ ಎಂದು ಮುಂದೆ ನುಣುಚಿಕೊಳ್ಳುವುದು ಇದರಿಂದ ಕಷ್ಟವಾಯಿತು. ಎರಡು ಎಕರೆಯ ಒಡೆಯನಿಗೆ ಖಾತೆ ಯಾರ ಹೆಸರಿನಲ್ಲಿದೆಯೆಂಬುದೇ ಭದ್ರತೆ. ಭದ್ರತೆಯೆಂದರೆ ಗುಟ್ಟು ಕಾಯುವುದು ಮಾತ್ರವೆಂದು ತಿಳಿದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು, ಏಕೆಂದರೆ ಪಹಣಿ ಗುಟ್ಟಿನ ಪತ್ರವೇ ಅಲ್ಲ.

ಕೇಂದ್ರ ಸರ್ಕಾರವು ಮಾಹಿತಿ ಭದ್ರತೆಯ ಶಿಕ್ಷಣ ಮತ್ತು ಜಾಗೃತಿಗಾಗಿ ಪ್ರತ್ಯೇಕ ಯೋಜನೆ ಆರಂಭಿಸಿದುದು 2005ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲೊಂದಾಯಿತು. 1999ರಲ್ಲಿ ವೈಟ್‌ಫೀಲ್ಡಿನಲ್ಲಿ ಮೊದಲಾಗಿ 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ದೊರೆತುದೂ ಆ ವರ್ಷವೇ. ಇಲ್ಲಿಯೇ 2018ರಲ್ಲಿ ಮೋಸಿಪ್ ಎಂಬ ಗುರುತಿನ ವ್ಯವಸ್ಥೆಯ ಕಾರ್ಯ ಮೊದಲಾಯಿತು. ಮೊರಾಕೊ, ಫಿಲಿಪೈನ್ಸ್ ದೇಶಗಳು ಅದನ್ನು ಕೈಗೊಂಡಿವೆ. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ ದೋಷವೆತ್ತಿ ತೋರಿಸಬಹುದು. ಕೆರ್ಕ್‌ಹಾಫ್ಸನ ಮಾತು ಕೋನಪ್ಪನ ಅಗ್ರಹಾರದ ಬಳಿ ನಿಜವಾದುದು ಹೀಗೆ.

ಆದರೆ ಕಾನೂನು ಪಾಠಕ್ಕಿಂತ ಮೊದಲು ಬಂದುದರ ಗುರುತು ಉಳಿದಿದೆ. ಅಧಿನಿಯಮದ 43ನೆಯ ಕಲಮಿನಂತೆ, ಒಡೆಯನ ಅಥವಾ ಉಸ್ತುವಾರಿ ಹೊತ್ತವನ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸಿದವನು ಪರಿಹಾರ ತೆರಬೇಕು. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶವಿದ್ದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ. ಅಧ್ಯಯನಕ್ಕೆಂದು ಪ್ರತ್ಯೇಕ ವಿನಾಯಿತಿ ಅಲ್ಲಿಲ್ಲ. 2004ರಿಂದ ಕಾರ್ಯನಿರತವಾದ ಸರ್ಟ್-ಇನ್ ಸಂಸ್ಥೆಗೆ ದೋಷಗಳನ್ನು ವರದಿಮಾಡಬಹುದು ನಿಜ. ವರದಿ ಸ್ವೀಕರಿಸುವುದು ಬೇರೆ, ಹುಡುಕಿದವನಿಗೆ ರಕ್ಷಣೆ ಕೊಡುವುದು ಬೇರೆ. ಬೀಗ ಎಲ್ಲಿ ಸಡಿಲವೆಂದು ಅಲುಗಿಸಿ ನೋಡದೆ ಈ ವಿದ್ಯೆ ಬರುವಂತಿಲ್ಲ. ಹೊರಗಿನ ಜಾಲಕ್ಕೆ ಸೇರದ ಪ್ರಯೋಗಶಾಲೆಯಲ್ಲಿ, ಕಾಲೇಜಿನದೇ ಯಂತ್ರಗಳ ಮೇಲೆ ಆ ಅಭ್ಯಾಸ ನಡೆಯಲೆಂದು ವಿಭಾಗದ ಮುಖ್ಯಸ್ಥರು ವರ್ಷಾರಂಭದಲ್ಲಿಯೇ ಲಿಖಿತ ಅನುಮತಿ ಕೊಟ್ಟರೆ, 43ನೆಯ ಕಲಮು ಕೇಳುವ ಅನುಮತಿ ದೊರೆತಂತಾಯಿತು. ಅದಕ್ಕೆ ಹೊಸ ಶಾಸನವಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ, ಬೇಕಾದುದು ಅಧ್ಯಾಪಕರ ಒಂದು ಸಹಿ.